ತಂತಿ ಬಾರದ ಬೀದಿಗೆ ದಂಡ

ಮಾರ್ಚ್ 3, ಸೋಮವಾರ

ಅಂಗಡಿ ಬದಲಿಸುವುದು ಖಚಿತವಾಯಿತು. ಈ ಕಟ್ಟಡವನ್ನು ಕೆಡವುತ್ತಾರಂತೆ. ಬರುವ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಹೊಸ ಮಳಿಗೆ ಸೇತುವೆಯ ಆಚೆ, ಮೂಲೆಯಲ್ಲಿ. ಚಿಕ್ಕದು, ಆದರೆ ಎರಡು ಕಡೆಯಿಂದ ಬೆಳಕು ಬೀಳುತ್ತದೆ. ಬಟ್ಟೆ ತೊಳೆದು ಇಸ್ತ್ರಿ ಮಾಡುವವರಿಗೆ ಬೆಳಕಿಗಿಂತ ದೊಡ್ಡ ಯಂತ್ರ ಬೇರೆ ಇಲ್ಲ. ಕಲೆ ಕಣ್ಣಿಗೆ ಬಿದ್ದರೆ ತಾನೇ ತೆಗೆಯುವುದು.

ವಿದ್ಯುತ್ತಿನವರಿಗೆ, ನೀರಿನವರಿಗೆ ಹೇಳಿಯಾಯಿತು. ಕೊನೆಗೆ ಇಂಟರ್ನೆಟ್ಟಿನವರಿಗೆ ಫೋನು ಮಾಡಿದೆ. ಅಂಗಡಿಯ ಬಿಲ್ಲು, ಗಿರಾಕಿಗಳ ಆರ್ಡರು ಎಲ್ಲ ಅದರ ಮೇಲೆಯೇ ನಡೆಯುವುದು, ಹೊಸ ಜಾಗಕ್ಕೆ ಬದಲಿಸಿ ಕೊಡಿ ಎಂದೆ. ಆ ಕಡೆಯ ಹುಡುಗಿ ಹುಡುಕಿ ನೋಡಿ, ಸೇತುವೆಯ ಆಚೆಗೆ ನಮ್ಮ ತಂತಿ ಇಲ್ಲ ಮೇಡಂ ಎಂದಳು. ಹಾಗಾದರೆ ನಿಲ್ಲಿಸಿಬಿಡು ಎಂದೆ. ಆಗ ಹೇಳಿದಳು: ನಮ್ಮ ಕರಾರು ಜನವರಿಯಲ್ಲಿ ಮತ್ತೆ ಎರಡು ವರ್ಷಕ್ಕೆ ನವೀಕರಣವಾಗಿದೆ, ನಡುವೆ ಬಿಟ್ಟರೆ ದಂಡ ಕಟ್ಟಬೇಕು. ಅವಳು ಹೇಳಿದ ಮೊತ್ತಕ್ಕೆ ಒಂದು ಹೊಸ ಸ್ಟೀಮ್ ಇಸ್ತ್ರಿಯೇ ಬರುತ್ತದೆ.

"ಯಾರಮ್ಮ ನವೀಕರಣ ಮಾಡಿದ್ದು?"

"ತಾನಾಗೇ ಆಗುತ್ತೆ ಮೇಡಂ. ಬೇಡ ಅಂದ್ರೆ ಅವಧಿ ಮುಗಿಯೋಕೆ ಮೊದ್ಲು ತಿಳಿಸ್ಬೇಕಿತ್ತು. ನಿಮ್ಮ ಮೊಬೈಲಿಗೆ ಮೆಸೇಜು ಕಳ್ಸಿದ್ವಿ."

"ನನಗೆ ಬಂದಿಲ್ಲ."

"ಕಳ್ಸಿರೋದು ನನಗಿಲ್ಲಿ ಕಾಣ್ತಿದೆ ಮೇಡಂ."

"ನಿನಗಲ್ಲಿ ಕಾಣ್ತಿದೆ ಅಂದ್ರೆ ಅದು ನಿನ್ನ ಹತ್ರಾನೇ ಉಳ್ಕೊಂಡಿದೆ ಅಂತ. ನನಗೆ ಬಂದಿದ್ರೆ ನನಗೆ ಕಾಣ್ಬೇಕಿತ್ತಲ್ಲ?"

ದೂರು ಬರೆದು ಕಳಿಸಿ ಎಂದಳು.

ಆಮೇಲೆ ಫೋನು ತೆಗೆದು ನೋಡಿದೆ. ಒಂದೇ ಒಂದು ಮೆಸೇಜೂ ಇಲ್ಲ. ಇರುವುದಾದರೂ ಹೇಗೆ? ಫೋನಿನ ಮೇಲೆ ಆ ಕೆಂಪು ಚುಕ್ಕೆಗಳು ಕಂಡರೆ ನನಗೆ ಬಿಳಿ ಅಂಗಿಯ ಮೇಲೆ ಕಲೆ ಕಂಡಂತಾಗುತ್ತದೆ. ಅದಕ್ಕೇ ಇವರು ದಿನಾ ಸಂಜೆ ಕನ್ನಡಕ ಏರಿಸಿಕೊಂಡು ಕೂತು ನನ್ನ ಫೋನು ಗುಡಿಸುತ್ತಾರೆ. ಸಾಲ ಬೇಕೆ, ಮನೆ ಬೇಕೆ ಎಂದು ಬರುವ ಕಸವನ್ನೆಲ್ಲ ಅಳಿಸಿ ಹಾಕಿ, "ತಗೋ, ಕನ್ನಡಿ ಹಾಗಿದೆ" ಎಂದು ಕೈಗೆ ಕೊಡುತ್ತಾರೆ. ಕೆಲಸದ್ದು ಏನಾದರೂ ಬಂದಿದ್ದರೆ ಇವರು ಹೇಳದೆ ಇರುತ್ತಿದ್ದರೇ?

ಇವರು ಇವತ್ತು ಕಾಲರಿಗೆ ಗಿರಾಕಿಯ ಚೀಟಿ ಚುಚ್ಚುವ ಪಿನ್ನುಗಳ ಡಬ್ಬಿ ಕೆಡವಿದರು. ನೆಲವೆಲ್ಲ ಪಿನ್ನು. ವಯಸ್ಸಾಯಿತು.

ಮಾರ್ಚ್ 5, ಬುಧವಾರ

ದೂರು ಬರೆಸಿದೆ. ನಾನು ಹೇಳಿದೆ, ಸೊಸೆ ಟೈಪು ಮಾಡಿದಳು. ಬೆರಳು ಚುರುಕು, ತಲೆಯೂ ಚುರುಕು. ಅದೇ ಕಷ್ಟ. ಹೇಳಿದ್ದನ್ನು ಹೇಳಿದಂತೆ ಬರೆಯುವುದು ಅವಳಿಂದಾಗದು.

"'ನನಗೆ ಯಾವ ಸೂಚನೆಯೂ ಬಂದಿಲ್ಲ. ಇದು ನನ್ನ ಮಾತು' ಅಂತ ಹಾಕು."

ಅವಳ ಕೈ ನಿಂತಿತು. "ಅತ್ತೆ, 'ಬಂದಿದ್ದು ನನ್ನ ಗಮನಕ್ಕೆ ಬರಲಿಲ್ಲ' ಅಂತ ಹಾಕ್ಲಾ?"

"ಯಾಕೆ, ನನಗೆ ಕಣ್ಣು ಕಾಣಲ್ವಾ?"

"ಹಂಗಲ್ಲ ಅತ್ತೆ. ಸ್ವಲ್ಪ ಜಾಗ ಇಟ್ಕೊಂಡು ಬರೆದ್ರೆ ಒಳ್ಳೇದು ಅಂತ."

"ಜಾಗ ಇಟ್ಕೊಳ್ಳೋಕೆ ಇದೇನು ಬೆಳೆಯೋ ಮಗೂಗೆ ಹೊಲಿಸ್ತಿರೋ ಅಂಗೀನಾ? ನಾನು ಹೇಳಿದ್ದು ಬರಿ."

ಬರೆದಳು. ಬರೆಯುವಾಗ ಒಮ್ಮೆ ಮಾವನ ಕಡೆ ನೋಡಿದಳು. ಇವರು ಪರದೆಗಳನ್ನು ಮಡಚುತ್ತಿದ್ದರು. ಮಡಚಿದ್ದನ್ನೇ ಬಿಚ್ಚಿ ಮಡಚುತ್ತಿದ್ದರು.

ಈ ಬೀದಿಯಲ್ಲಿ ನನ್ನ ಮಾತಿಗೆ ಬೆಲೆ ಇದೆ. ಗಿರಾಕಿಗಳು ಕೋಟಿನ ಕಿಸೆಯಲ್ಲಿ ಉಂಗುರ ಬಿಟ್ಟು ಕೊಟ್ಟಿದ್ದಾರೆ, ಪ್ರೇಮಪತ್ರ ಬಿಟ್ಟು ಕೊಟ್ಟಿದ್ದಾರೆ. ಎರಡೂ ಅವರವರ ಕೈಗೇ ತಲುಪಿವೆ, ಪತ್ರ ಹೆಂಡತಿಯ ಕೈಗೆ ಸಿಕ್ಕಿಲ್ಲ. ಬಟ್ಟೆ ಕೊಟ್ಟು ಯಾರೂ ನನ್ನ ಬಳಿ ರಸೀದಿ ಕೇಳುವುದಿಲ್ಲ. ಈಗ ಯಾವುದೋ ಕಂಪನಿಯವರು ನನ್ನನ್ನು ಸುಳ್ಳಿ ಎನ್ನುವುದೆಂದರೇನು? ದಂಡ ಹಾಳಾಗಿ ಹೋಗಲಿ. ಮಾತು ಹೋಗಬಾರದು.

ಮಾರ್ಚ್ 8, ಶನಿವಾರ

ಮಗ ಹೋಟೆಲಿನ ಮೇಜುಬಟ್ಟೆಯೊಂದನ್ನು ಸುಟ್ಟ. ಇಸ್ತ್ರಿ ಇಟ್ಟು ಫೋನಿನಲ್ಲಿ ಆಟದ ಸ್ಕೋರು ಕೇಳುತ್ತ ನಿಂತನಂತೆ. ಬಂಗಾರದ ಬಣ್ಣದ ತ್ರಿಕೋನ, ಅಚ್ಚು ಒತ್ತಿದ ಹಾಗೆ. ಅವನ ಸಂಬಳದಲ್ಲಿ ಹಿಡಿದೆ. ಸುಟ್ಟವರೇ ಕಟ್ಟಬೇಕು ಎಂಬುದು ಅಂಗಡಿ ತೆರೆದ ದಿನದಿಂದ ಇರುವ ನಿಯಮ. ಹೋದ ವರ್ಷ ಸೊಸೆ ಕೋಟಿನ ಕಾಲರು ಸುಟ್ಟಾಗ ಅವಳೂ ಕಟ್ಟಿದ್ದಾಳೆ. ಆಗ ಮದುವೆಯಾಗಿ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಅತ್ತಳೇನೋ. ನನ್ನ ಮುಂದೆ ಅಳಲಿಲ್ಲ.

ಊಟದ ಹೊತ್ತಿಗೆ ಇವರು ಕೇಳಿದರು: "ಆ ನಿಯಮ ಬಟ್ಟೆಗೆ ಮಾತ್ರ ತಾನೆ?"

"ನಷ್ಟ ಯಾವುದಾದ್ರೂ ನಷ್ಟಾನೇ. ಯಾಕೆ?"

"ಸುಮ್ನೆ ಕೇಳ್ದೆ."

ಸುಮ್ಮನೆ ಮಾತಾಡುವ ಗಂಡಸಲ್ಲ ಇವರು. ಸುಮ್ಮನಿರುವ ಗಂಡಸು.

ಮಾರ್ಚ್ 11, ಮಂಗಳವಾರ

ಇವರಿಗೆ ಹೊಸ ಹುಚ್ಚು ಹತ್ತಿದೆ. ಬೆಳಿಗ್ಗೆ ವಾಕಿಂಗ್. ಮದುವೆಯಾದಾಗಿನಿಂದ ದಿನಪೂರ್ತಿ ಇಸ್ತ್ರಿ ಮೇಜಿನ ಮುಂದೆ ನಿಂತ ಮನುಷ್ಯ, ಬಿಡುವು ಸಿಕ್ಕರೆ ಕೂರಲು ಹವಣಿಸುತ್ತಿದ್ದವರು, ಈಗ ನಡೆಯುತ್ತಾರಂತೆ! ಅದೂ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು.

ಬಂದ ಮೇಲೆ ಆ ಅಂಗಿ ನನ್ನ ಕೈಗೇ ತಾನೆ ಬರುವುದು. ಕಾಲರಿನಲ್ಲಿ ಬೆವರಿಲ್ಲ. ಬೆನ್ನಿನ ಕೆಳಭಾಗದಲ್ಲಿ ಮಾತ್ರ ಅಡ್ಡಡ್ಡ ಸುಕ್ಕು. ಅದು ನಡೆದವರ ಸುಕ್ಕಲ್ಲ, ಕುರ್ಚಿಯಲ್ಲಿ ಬಹಳ ಹೊತ್ತು ಕೂತವರದು. ಉದ್ಯಾನದ ಬೆಂಚಿನ ಮೇಲೆ ಯಾರಾದರೂ ಹರಟೆಮಲ್ಲರು ಸಿಕ್ಕಿರಬೇಕು. ಸಿಗಲಿ. ಅಂಗಡಿಯಲ್ಲಂತೂ ಇವರಿಗೆ ಮಾತಾಡಲು ಪಾಳಿ ಸಿಗುವುದಿಲ್ಲ ಎಂದು ಮಗ ಆಗಾಗ ಅಣಕಿಸುತ್ತಾನೆ.

ಏನೂ ಕೇಳಲಿಲ್ಲ. ನಾಳೆಗೆ ಇನ್ನೊಂದು ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟೆ.

ಮಾರ್ಚ್ 14, ಶುಕ್ರವಾರ

ಕಂಪನಿಯ ಉತ್ತರ ಬಂತು. ಸೂಚನೆ ತಮ್ಮ ದಾಖಲೆಯ ಪ್ರಕಾರ ತಲುಪಿದೆಯಂತೆ. ದಂಡ ಕಟ್ಟಬೇಕಂತೆ. ಕೊನೆಯಲ್ಲಿ ನನ್ನ ಸಂತೋಷವೇ ಅವರ ಗುರಿಯಂತೆ!

ಮತ್ತೆ ಫೋನು ಮಾಡಿದೆ. ಬಹಳ ಹೊತ್ತು ವಾದ್ಯ ಕೇಳಿಸಿದರು. ಅಷ್ಟರಲ್ಲಿ ಮೂರು ಪ್ಯಾಂಟು ಮುಗಿಯಿತು. ಈ ಸಲ ಬೇರೆ ಹುಡುಗಿ.

"ನೋಡಮ್ಮ, ಮೆಸೇಜಿನ ವಿಷಯ ಪಕ್ಕಕ್ಕಿಡು. ನಾನು ನಿಮ್ಮನ್ನ ಬಿಟ್ಟು ಹೋಗ್ತಿಲ್ಲ. ಹೊಸ ಜಾಗಕ್ಕೆ ತಂತಿ ಎಳೀರಿ, ನಿಮ್ಮಲ್ಲೇ ಇರ್ತೀನಿ. ಎಳೆಯೋಕೆ ಆಗದೇ ಇರೋರು ನೀವು. ನಿಮ್ಮ ತಂತಿ ಬಾರದ ಬೀದಿಗೆ ನಾನು ದಂಡ ಕಟ್ಬೇಕಾ? ನಾನು ಬಟ್ಟೆ ಒಗೆಯೋದು ನಿಲ್ಲಿಸಿ, ನೀವು ಕೊಳೆ ಮಾಡ್ಕೊಂಡಿದ್ದೀರಿ ಅಂತ ಗಿರಾಕಿ ಹತ್ರ ದಂಡ ಕೇಳಿದ ಹಾಗಾಯ್ತು."

ಹುಡುಗಿಗೆ ನಗು ಬಂತು. ತಡೆದುಕೊಂಡಳು. ಒಳ್ಳೆಯ ಹುಡುಗಿ. "ಮೇಡಂ, ಇದು ನನ್ನ ಕೈಲಿಲ್ಲ. ಮುಖ್ಯ ಕಚೇರಿಗೆ ಬನ್ನಿ. ಬುಧವಾರ ಸಮಯ ಕೊಡಿಸ್ತೀನಿ" ಎಂದಳು. ಊಟ ಆಯಿತೇ ಎಂದು ಕೇಳಿದೆ. ಆಗಿಲ್ಲವಂತೆ. ಅಲ್ಲಿಯ ಯಜಮಾನರು ಮಕ್ಕಳಿಗೆ ಊಟಕ್ಕೂ ಬಿಡುವುದಿಲ್ಲವೇನೋ.

ನಾನು ಯಾರ ಕಚೇರಿ ಬಾಗಿಲಿಗೂ ಹೋಗಿ ನಿಂತವಳಲ್ಲ. ಇದಕ್ಕೆ ಹೋಗುತ್ತೇನೆ.

ಮಾರ್ಚ್ 17, ಸೋಮವಾರ

ಹ್ಯಾಂಗರುಗಳನ್ನು ಕಟ್ಟಿ ಇಟ್ಟೆವು. ಭುಜ ನೋಯುತ್ತಿದೆ. ಇವರು ಎಣ್ಣೆ ಬಿಸಿ ಮಾಡಿ ತಂದು ಹಚ್ಚಿದರು. ಹಚ್ಚುತ್ತ, "ನೀನು ಆ ಕಚೇರಿಗೆ ಹೋಗ್ಬೇಡ ಕಣೇ. ಹೋಗ್ಲಿ, ಕಟ್ಟಿಬಿಡೋಣ" ಎಂದರು.

ರೇಗಿದೆ. ತಪ್ಪು ಮಾಡದೆ ತಲೆ ತಗ್ಗಿಸುವ ಅಭ್ಯಾಸ ನಿಮಗಿರಬಹುದು, ನನಗಿಲ್ಲ ಎಂದೆ.

ಇವರು ಎಣ್ಣೆ ಹಚ್ಚುವ ಕೈ ನಿಲ್ಲಿಸಲಿಲ್ಲ.

ಮಾರ್ಚ್ 19, ಬುಧವಾರ

ಎಲ್ಲವನ್ನೂ ಬರೆದಿಡಬೇಕು, ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಸೊಸೆ ಜೊತೆಗೆ ಬರುತ್ತೇನೆಂದಳು. ಬೇಡ, ಕೌಂಟರು ನೋಡಿಕೋ ಎಂದೆ. ಇವರು ಆಗಲೇ ವಾಕಿಂಗಿಗೆ ಹೋಗಿದ್ದರು. ಒಬ್ಬಳೇ ಹೋದೆ. ಗಾಜಿನ ಕಟ್ಟಡ. ಬಾಗಿಲ ಕಾವಲುಗಾರ ನನ್ನ ಹೆಸರು, ಅಂಗಡಿಯ ಹೆಸರು ಕೇಳಿದವನು ಎದ್ದು ನಿಂತ. "ಓ, ನೀವಾ ಅಮ್ಮ! ಒಳಗೇ ಕೂತಿದ್ದಾರೆ ನೋಡಿ" ಎಂದ. ಯಾರು ಕೂತಿದ್ದಾರೆ ಎಂದು ಕೇಳುವಷ್ಟರಲ್ಲಿ ಬಾಗಿಲು ತೆರೆದಿದ್ದ.

ಸಾಲು ಕುರ್ಚಿಗಳ ಕೊನೆಯಲ್ಲಿ ಇವರು. ಬಿಳಿ ಅಂಗಿ. ಕೈಯಲ್ಲಿ ಟೋಕನ್ ಚೀಟಿ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಮುಖ.

"ನೀವಿಲ್ಲೇನ್ ಮಾಡ್ತಿದ್ದೀರಿ?"

"ನಡೀತಾ ನಡೀತಾ ಬಂದೆ."

ಅಷ್ಟರಲ್ಲಿ ಅಧಿಕಾರಿ ನನ್ನ ಹೆಸರು ಕರೆದರು. ಇವರೂ ಎದ್ದರು. ಅಧಿಕಾರಿ ನಡುವಯಸ್ಸಿನವರು, ತೋಳು ಮಡಚಿದ ನೀಲಿ ಅಂಗಿ, ಇಸ್ತ್ರಿ ಮನೆಯದೇ, ಪಾಪ. ನಮ್ಮಿಬ್ಬರನ್ನೂ ನೋಡಿ ಪೆನ್ನು ಕೆಳಗಿಟ್ಟರು.

"ಅಂತೂ ಇಬ್ರೂ ಒಟ್ಟಿಗೆ ಬಂದ್ರಲ್ಲ. ನನಗೂ ಸಾಕಾಗಿತ್ತಮ್ಮ. ಒಂದು ವಾರದಿಂದ ಈ ಯಜಮಾನ್ರು ದಿನಾ ಬರ್ತಿದ್ದಾರೆ. ಖಾತೆ ನಿಮ್ಮ ಹೆಸರಲ್ಲಿದೆ, ನೀವೇ ಬರ್ಬೇಕು ಅಂದ್ರೂ ಕೇಳಲ್ಲ. ನೀವು ನೋಡಿದ್ರೆ, ಮೆಸೇಜು ಬಂದೇ ಇಲ್ಲ ಅಂತ ಬರ್ದಿದ್ದೀರಿ. ಇವರು ನೋಡಿದ್ರೆ, ಬಂತು, ಓದದೇನೇ ಅಳಿಸ್ಬಿಟ್ಟೆ ಅಂತಾರೆ. ನಾನು ಯಾವುದನ್ನ ನಂಬ್ಲಿ?"

ನಾನು ಇವರನ್ನು ನೋಡಿದೆ. ಇವರು ನನ್ನ ಚಪ್ಪಲಿಯನ್ನು ನೋಡುತ್ತಿದ್ದರು.

"ಅಷ್ಟೇ ಅಲ್ಲ," ಅಧಿಕಾರಿ ಮುಂದುವರಿಸಿದರು. ಅವರ ದನಿ ಮೆತ್ತಗಾಯಿತು. "ದಂಡವನ್ನ ಇವರು ಕಂತಿನಲ್ಲಿ ಕಟ್ತಾರಂತೆ. ನಿಮಗೆ ಮಾತ್ರ 'ನೀವು ಹೇಳಿದ್ದೇ ಸರಿ, ತಪ್ಪು ನಮ್ಮದೇ' ಅಂತ ಕಂಪನಿಯಿಂದ ಒಂದು ಕಾಗದ ಕಳಿಸ್ಬೇಕಂತೆ. ಹಾಗೆ ಬರ್ಕೊಡೋಕೆ ನನಗೆ ಅಧಿಕಾರ ಇಲ್ಲಮ್ಮ."

ಹಿಂದಿನ ಕುರ್ಚಿಗಳಲ್ಲಿ ಕೂತವರೂ ಕಿವಿ ಇಲ್ಲಿಟ್ಟಿದ್ದರು.

ಇವರು, "ಇಲ್ಲ ಸಾರ್, ನಾನೇ ಏನೋ ತಪ್ಪು ತಿಳ್ಕೊಂಡಿರ್ಬೇಕು. ಇವಳು ಸುಳ್ಳು ಹೇಳೋಳಲ್ಲ. ಇವಳು ಬಂದಿಲ್ಲ ಅಂದ್ರೆ ಬಂದಿಲ್ಲ" ಎಂದರು.

ನಾನು ಹೂಂ ಎಂದಿದ್ದರೆ ಸಾಕಿತ್ತು. ನನ್ನ ಮಾತು ಉಳಿಯುತ್ತಿತ್ತು. ದಿನಾ ಬಂದು ಕೂತ ಮುದುಕನಿಗೆ ಅರಳುಮರುಳು ಎಂದುಕೊಂಡು ಅವರೆಲ್ಲ ನಕ್ಕು ಸುಮ್ಮನಾಗುತ್ತಿದ್ದರು. ಇವರು ಅದಕ್ಕೂ ತಯಾರಾಗಿ ನಿಂತಿದ್ದರು, ಅದೂ ಗಂಜಿ ಹಾಕಿದ ಅಂಗಿಯಲ್ಲಿ.

"ಇವರು ಮೊದಲು ಹೇಳಿದ್ದೇ ನಿಜ," ಎಂದೆ. "ಮೆಸೇಜು ಬಂದಿದೆ. ನಮ್ಮ ಮನೇಲಿ ಅಳಿಸಿ ಹೋಗಿದೆ. ಬಂದಿಲ್ಲ ಅಂತ ನಾನು ಬರೆಸಿದ್ದು ತಪ್ಪು. ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡ್ತೀನಿ."

ಸಹಿ ಮಾಡಿದೆ. ಆಮೇಲೆ ಕುರ್ಚಿ ಎಳೆದು ಕೂತೆ.

"ಅದು ಮುಗೀತು. ಈಗ ತಂತಿ ವಿಷಯಕ್ಕೆ ಬನ್ನಿ."

ಅಧಿಕಾರಿ ನಕ್ಕುಬಿಟ್ಟರು. ತಂತಿಯ ವಿಷಯವನ್ನು ಪೂರ್ತಿ ಕೇಳಿದರು, ಬರೆದುಕೊಂಡರು, ಮೇಲಿನವರಿಗೆ ಕಳಿಸುತ್ತೇನೆ ಎಂದರು. ಹೊರಡುವಾಗ ಕಾವಲುಗಾರ, "ನಿಮ್ಮ ಯಜಮಾನ್ರು ಹೇಳಿದ ಹಾಗೇ ಮಾಡ್ದೆ ಅಮ್ಮ, ಶಾಯಿ ಕಲೆ ಹೋಯ್ತು" ಎಂದು ಕಿಸೆ ತೋರಿಸಿದ. ಅಲ್ಲಿ ಇವರು ಅಂಗಡಿಯನ್ನೇ ತೆರೆದಿದ್ದರು ಎಂದಾಯಿತು.

ಸೇತುವೆಯವರೆಗೆ ನಡೆದು ಬಂದೆವು. ಅಲ್ಲಿ ಕೇಳಿದೆ: "ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನೀನು 'ಇದು ನನ್ನ ಮಾತು' ಅಂತ ಬರೆಸ್ಬಿಟ್ಟೆ. ಬರೆಸಿದ ಮೇಲೆ ಹೇಳಿದ್ರೆ ನಿನ್ನ ಮಾತು ಬಿದ್ದು ಹೋಗ್ತಿತ್ತಲ್ಲೇ."

"ಬೀಳ್ತಿತ್ತು. ಎತ್ತಿ ನಿಲ್ಲಿಸ್ಕೊಳ್ತಿದ್ದೆ."

"ಹೂಂ." ಸ್ವಲ್ಪ ದೂರ ನಡೆದ ಮೇಲೆ, "ಬೈತೀಯ ಅಂತಾನೂ ಇತ್ತು" ಎಂದರು.

ಬಯ್ಯಲಿಲ್ಲ. ಬಿಸಿಲಿತ್ತು. ಇವರು ಬಿಸಿಲಿನ ಕಡೆಗೆ ಸರಿದು, ನನ್ನನ್ನು ನೆರಳಿಗೆ ಬಿಟ್ಟು ನಡೆದರು.

ಮಾರ್ಚ್ 20, ಗುರುವಾರ

ಇವರಿಗೆ ನನ್ನನ್ನು ಕಂಡರೆ ಭಯವಂತೆ. ಕೇಳಿದರೆ ಜನ ನಗುತ್ತಾರೆ. ನಾನೂ ನಕ್ಕೆ.

ಇವತ್ತು ಒಂದು ಅಂಗಿಯ ಮೇಲೆ ಇಸ್ತ್ರಿ ಇಟ್ಟು ಎಲ್ಲೋ ನೋಡುತ್ತ ನಿಂತಿದ್ದೆ. ಸೊಸೆ ಓಡಿ ಬಂದು ಎತ್ತಿದಳು.

ಮಾರ್ಚ್ 23, ಭಾನುವಾರ

ಕಚೇರಿಯಲ್ಲಿ ನಡೆದದ್ದು ಮನೆಯಲ್ಲೆಲ್ಲ ಗೊತ್ತಾಗಿದೆ. ಇವರೇ ಹೇಳಿದ್ದಾರೆ, ಅದೂ ನಾನೇನೋ ದೊಡ್ಡ ಯುದ್ಧ ಗೆದ್ದವಳಂತೆ. "'ಈಗ ತಂತಿ ವಿಷಯಕ್ಕೆ ಬನ್ನಿ' ಅಂದ್ಳು ನೋಡು, ಆ ಅಧಿಕಾರಿ ಕುರ್ಚೀಲಿ ನೆಟ್ಟಗಾದ!" ಎಂದು ಮಗನಿಗೆ ಎರಡು ಸಲ ನಟಿಸಿ ತೋರಿಸಿದರು. ನನ್ನ ದನಿ ಅಷ್ಟು ಗಡಸಾಗಿದೆಯೇ?

ಸಂಜೆ ಬಟ್ಟೆ ವಿಂಗಡಿಸುವಾಗ ಸೊಸೆ ಮೆಲ್ಲಗೆ ಮಾತು ತೆಗೆದಳು. "ಅತ್ತೆ, ಒಂದು ವೇಳೆ ದಂಡ ಕಟ್ಲೇಬೇಕು ಅಂತಾದ್ರೆ... ಮಾವನ ಪಾಲಿಂದ ಹಿಡಿಯೋದು ಬೇಡ. ನನ್ನ ಸಂಬಳದಲ್ಲಿ ಹಿಡೀರಿ."

"ನೀನ್ಯಾಕೆ ಕಟ್ಬೇಕು?"

"ಮಾವನೇ ಅಳಿಸಿರ್ಬೇಕು ಅಂತ ನನಗೆ ಮೊದ್ಲೇ ಅನುಮಾನ ಇತ್ತು. ದೂರು ಬರೆಯೋ ದಿನಾನೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

ಅವಳು ತಲೆ ತಗ್ಗಿಸಿ ನಕ್ಕಳು. ಇವಳದೂ ಅದೇ ಭಯದ ಕಾಯಿಲೆ ಎಂದು ತಿಳಿಯಿತು.

"ಯಾರ ಪಾಲೂ ಅಲ್ಲ, ಅಂಗಡಿ ಗಲ್ಲಾದಿಂದ ಹೋಗುತ್ತೆ" ಎಂದೆ. ಅವಳು ಕಣ್ಣು ಅಗಲಿಸಿದಳು. ಕೆಲಸ ನೋಡು ಎಂದೆ.

ಆಮೇಲೆ ಸಂಬಳದ ಲಕೋಟೆಗಳನ್ನು ಮಾಡುವಾಗ ಅವಳ ಲಕೋಟೆಗೆ ಹೋದ ವರ್ಷದ ಕೋಟಿನ ಕಾಲರಿನ ದುಡ್ಡನ್ನೂ, ಮಗನದಕ್ಕೆ ಮೇಜುಬಟ್ಟೆಯದನ್ನೂ ಸೇರಿಸಿದೆ. ಇದೇನತ್ತೆ ಹೆಚ್ಚಿಗೆ ಇದೆ ಎಂದು ಕೇಳಿದಳು. ಲೆಕ್ಕ ತಪ್ಪಿತ್ತು ಎಂದೆ. ಮಗ ಏನೂ ಕೇಳದೆ ಜೇಬಿಗಿಳಿಸಿದ. ಅವನು ಅಪ್ಪನ ಹಾಗಲ್ಲ.

ಮಾರ್ಚ್ 26, ಬುಧವಾರ

ಹೊಸ ಮಳಿಗೆಗೆ ಸುಣ್ಣ ಬಣ್ಣ ಆಗುತ್ತಿದೆ. ಇಸ್ತ್ರಿ ಮೇಜು ಎಲ್ಲಿಡುವುದು ಎಂದು ಸೊಸೆಯನ್ನು ಕೇಳಿದೆ. ಕಿಟಕಿಯ ಹತ್ತಿರ ಎಂದಳು. ನಾನು ಗೋಡೆಯ ಕಡೆ ಅಂದುಕೊಂಡಿದ್ದೆ. ಕಿಟಕಿಯ ಹತ್ತಿರವೇ ಸರಿ.

ಮಾರ್ಚ್ 28, ಶುಕ್ರವಾರ

ಮದುವೆ ಗಂಡಿನ ಕೋಟು ಇಸ್ತ್ರಿಯ ಕೆಳಗಿತ್ತು. ರೇಷ್ಮೆಯ ಒಳಪದರು, ಕ್ಷಣ ಕಣ್ಣು ತಪ್ಪಿಸುವ ಹಾಗಿಲ್ಲ. ಆಗ ಫೋನು ಬಂತು. ಇವರು ತೆಗೆದರು.

"ಕಂಪನಿಯವರು. ನಿನಗಂತೆ."

"ನನಗೆ ಕೈ ಬಿಡುವಿಲ್ಲ. ನೀವೇ ಮಾತಾಡಿ."

"ಖಾತೆದಾರರೇ ಮಾತಾಡ್ಬೇಕಂತೆ ಕಣೇ."

ಇಸ್ತ್ರಿ ಎತ್ತಿ ಹಿಡಿದು, ಅವರ ಕೈಯಲ್ಲಿದ್ದ ಫೋನಿಗೆ ಬಾಗಿ ಹೇಳಿದೆ: "ಸಾರ್, ಇವರು ಏನು ಹೇಳ್ತಾರೋ ಅದನ್ನೇ ನಾನು ಹೇಳಿದೆ ಅಂತ ಬರ್ಕೊಳ್ಳಿ."

ಇವರು ಫೋನು ಹಿಡಿದುಕೊಂಡು ಬಾಗಿಲಿಗೆ ಹೋದರು. "ಹೌದು ಸಾರ್... ಸಂತೋಷ ಸಾರ್... ಅದೊಂದಾ?" ಇಲ್ಲಿಂದ ಅಷ್ಟೇ ಕೇಳಿಸಿತು. ತಿರುತಿರುಗಿ ನನ್ನ ಕಡೆ ನೋಡಿದರು. ನಾನು ಕೋಟಿನಿಂದ ತಲೆ ಎತ್ತಲಿಲ್ಲ. ಸೊಸೆ ಕೌಂಟರಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು.

ಬಂದು ಎದುರಿಗೆ ನಿಂತರು. "ದಂಡ ಪೂರ್ತಿ ಬಿಟ್ರು. ಹೊಸ ಜಾಗಕ್ಕೆ ಕೊಡೋಕೆ ಅವರ ಕೈಲಿ ಆಗ್ತಿಲ್ವಲ್ಲ, ನಿನ್ನ ಮಾತೇ ಸರಿ ಅಂತ ಆಯ್ತು. ಎರಡು ವರ್ಷದ ಕರಾರು ಅಂತ ಜನವರಿಯಿಂದ ಇಂಟರ್ನೆಟ್ ಬಿಲ್ಲಲ್ಲಿ ಕೊಟ್ಟ ರಿಯಾಯಿತಿ ಇದ್ಯಲ್ಲ, ಅದನ್ನ ಮಾತ್ರ ವಾಪಸು ಕಟ್ಬೇಕಂತೆ. ಒಪ್ಕೊಂಡೆ. ತಪ್ಪು ನಮ್ಮ ಕಡೇನೂ ಇತ್ತಲ್ಲ."

ಹೇಳಿ ಮುಗಿಸಿ ನನ್ನ ಮುಖವನ್ನೇ ನೋಡುತ್ತ ನಿಂತರು.

"ಸರಿಯಾಗೇ ಮಾಡಿದ್ರಿ" ಎಂದೆ.

ಸೊಸೆ ಚಪ್ಪಾಳೆ ತಟ್ಟಿದಳು. ಇವರು ಆ ಗಳಿಗೆಯಿಂದ ಅಂಗಡಿ ಮುಚ್ಚುವವರೆಗೆ ಏನೋ ಗುನುಗುತ್ತಿದ್ದರು. ಶ್ರುತಿಯೂ ಇಲ್ಲ, ತಾಳವೂ ಇಲ್ಲ. ನಿಲ್ಲಿಸಿ ಎನ್ನಲಿಲ್ಲ.

ನಾನಾಗಿದ್ದರೆ ಆ ರಿಯಾಯಿತಿಯನ್ನೂ ಬಿಡಿಸಿಕೊಳ್ಳುತ್ತಿದ್ದೆ. ಇನ್ನೊಂದು ಸಲ ಗಟ್ಟಿಯಾಗಿ ಕೇಳಿದರೆ ಬಿಡುತ್ತಾರೆ, ನನಗೆ ಗೊತ್ತು. ನಾಳೆ ಬೆಳಿಗ್ಗೆ ಫೋನು ಮಾಡೋಣ ಎಂದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇನ್ನು ಆಗದು. ನಾವು ಮಾತು ಕೊಟ್ಟಾಗಿದೆ.